ತಲೆಯ ಎಣಿಕೆ, ನೆಲದ ಅಳತೆ: ಕೊಡಗಿನ ಸಣ್ಣ ಹಳ್ಳಿಗಳ ಪ್ರಶ್ನೆ

ನಮ್ಮ ಹಿರಿಯರು ಖಾನೇಷುಮಾರಿಯೆಂದು ಕರೆಯುತ್ತಿದ್ದ ಜನಗಣತಿಯು ಬರಿಯ ತಲೆಯೆಣಿಕೆಯ ಕಾರ್ಯವೆಂದು ಯಾರೂ ತಿಳಿಯಲಾಗದು. ಆ ಎಣಿಕೆಯ ಮೇಲೆ ಶಾಸನಸಭೆಯ ಸ್ಥಾನಗಳು ನಿಲ್ಲುತ್ತವೆ. ಆಸ್ಪತ್ರೆ, ಶಾಲೆ, ರಸ್ತೆಗಳ ಮಂಜೂರಾತಿಯು ನಿಲ್ಲುತ್ತದೆ. ಯಾವ ಊರಿನ ಅಹವಾಲು ರಾಜಧಾನಿಯ ಕಿವಿಗೆ ಬೀಳುವುದು, ಯಾವುದು ಬೀಳದು ಎಂಬುದೂ ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ. 2021ರಲ್ಲಿ ಆಗಬೇಕಾಗಿದ್ದ ಗಣತಿಯು ಕೋವಿಡ್ ಮಾರಿಯ ದೆಸೆಯಿಂದ ಮುಂದಕ್ಕೆ ಬಿದ್ದಿತು. 2025ರ ಜೂನ್ 16ರಂದು ಹೊರಟ ಅಧಿಸೂಚನೆಯಲ್ಲಿ, ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ನೆಯ ದಿನವನ್ನು ಗಣನೆಯ ಆಧಾರದಿನವೆಂದು ಗೊತ್ತುಮಾಡಲಾಯಿತು. ಹದಿನಾರು ವರ್ಷಗಳ ಬಳಿಕ ಬರುವ ಈ ಅಂಕಿಗಳನ್ನು ಹಿಡಿದು ಯಾರು ಏನನ್ನು ಕೇಳಲಿರುವರು, ಯಾರು ಏನನ್ನು ಕಳೆದುಕೊಳ್ಳಲಿರುವರು ಎಂಬುದನ್ನು ಈಗಲೇ ವಿಚಾರಿಸಿ ನೋಡುವುದು ಅವಶ್ಯ.

ಈ ವಿಷಯದಲ್ಲಿ ಕನ್ನಡ ನಾಡು ದೆಹಲಿಯ ಮುಂದೆ ನ್ಯಾಯವಾದ ಒಂದು ತಕರಾರನ್ನು ಇರಿಸಿದೆ. ರಾಷ್ಟ್ರದ ಹಿತಕ್ಕಾಗಿ ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟುಕೊಂಡ ದಕ್ಷಿಣದ ರಾಜ್ಯಗಳಿಗೆ, ಅದೇ ಕಾರಣದಿಂದ ಲೋಕಸಭೆಯಲ್ಲಿ ಪಾಲು ಕಡಿಮೆಯಾಗಬಾರದೆಂಬುದೇ ಆ ತಕರಾರು. 1976ರ ಸಂವಿಧಾನ ತಿದ್ದುಪಡಿಯೂ, 2001ರ 84ನೆಯ ತಿದ್ದುಪಡಿಯೂ ರಾಜ್ಯಗಳ ಸ್ಥಾನಸಂಖ್ಯೆಯನ್ನು ಇದ್ದಲ್ಲಿಯೇ ತಡೆದು ನಿಲ್ಲಿಸಿದುದು ಈ ಭಯವು ನಿಜವಾದುದೆಂದು ಒಪ್ಪಿಯೇ. 2025ರ ಮಾರ್ಚ್ ತಿಂಗಳಲ್ಲಿ ಚೆನ್ನೈಯಲ್ಲಿ ಕೂಡಿದ ಸಭೆಗೆ ಕರ್ನಾಟಕದ ಉಪಮುಖ್ಯಮಂತ್ರಿಗಳೂ ಹೋಗಿ ಇದೇ ಮಾತನ್ನು ಆಡಿ ಬಂದರು. ತಲೆಗಳನ್ನು ಮಾತ್ರ ಎಣಿಸಿ ಹಂಚುವ ನ್ಯಾಯವು ಅರ್ಧ ನ್ಯಾಯವೆಂಬ ಈ ವಾದವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಒಪ್ಪುವುದರಿಂದಲೇ ಬೆಂಗಳೂರಿನ ಮುಂದೆ ಒಂದು ಪ್ರಶ್ನೆಯನ್ನು ಇಡಬೇಕಾಗಿದೆ: ದೆಹಲಿಯಲ್ಲಿ ನಾವು ಬೇಡುವ ನ್ಯಾಯವನ್ನು ನಮ್ಮ ಮನೆಯೊಳಗೆ ನಾವು ನಡೆಸುತ್ತಿರುವೆವೇ? ಕೊಡಗು ಜಿಲ್ಲೆಯ ಸ್ಥಿತಿಯನ್ನು ನೋಡಿದವರು ಹೌದೆಂದು ಹೇಳಲಾರರು.

ಮೊದಲು ಅಂಕಿಗಳನ್ನು ನೋಡೋಣ. 2011ರ ಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ರಾಜ್ಯದ ಜಿಲ್ಲೆಗಳಲ್ಲಿ ಅತಿ ಕಡಿಮೆ ಜನರಿದ್ದುದು ಇಲ್ಲಿಯೇ. ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರು. ಒಂದು ಚದರ ಕಿಲೋಮೀಟರಿಗೆ ಇಡೀ ರಾಜ್ಯದಲ್ಲಿ 319 ಜನರಿದ್ದರೆ, ಕೊಡಗಿನಲ್ಲಿ 135 ಜನ. ನೂರರಲ್ಲಿ ಸುಮಾರು 85 ಜನ ಹಳ್ಳಿಗರು. ಆ ಹಳ್ಳಿಗಳಾದರೋ ಮುನ್ನೂರಕ್ಕೆ ಸಮೀಪವಾಗಿದ್ದು, ಸರಾಸರಿಯಿಂದ ಒಂದೊಂದರಲ್ಲಿ ಸಾವಿರದ ಆರುನೂರರಷ್ಟು ಜನರಿದ್ದಾರೆ. ಬಯಲುಸೀಮೆಯ ಓದುಗರು ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಕೊಡಗಿನ ಹಳ್ಳಿಯೆಂದರೆ ಕೋಟೆ ಬಾಗಿಲು, ನಡುಬೀದಿ, ಅರಳಿಕಟ್ಟೆಗಳ ಸುತ್ತ ಒತ್ತಾಗಿ ನಿಂತ ಮನೆಗಳ ಗುಂಪಲ್ಲ. ಒಂದು ಕುಳಿಯ ಗದ್ದೆಯ ಮೇಲ್ದಂಡೆಯಲ್ಲಿ ಒಂದು ಐನ್‌ಮನೆ. ತೋಟದ ಆಚೆಯ ಮಗ್ಗುಲಲ್ಲಿ ಇನ್ನೊಂದು ಮನೆ. ಕಾಫಿ ತೋಟದೊಳಗೆ ಆಳುಗಳ ಲೈನ್ ಮನೆಗಳ ಸಾಲು. ಕಾಡಿನ ಅಂಚಿನಲ್ಲಿ ಎರವರ, ಕುರುಬರ ಹಾಡಿ. ಇವೆಲ್ಲ ಸೇರಿ ದಫ್ತರದಲ್ಲಿ ಒಂದು ಗ್ರಾಮ. ಕಾಗದದ ಮೇಲೆ ಒಂದಾಗಿರುವುದು ನೆಲದ ಮೇಲೆ ಹತ್ತಾಗಿರುತ್ತದೆ.

ಜನಸಂಖ್ಯೆಯ ಇತಿಹಾಸವೂ ಇಲ್ಲಿ ಬೇರೆಯೇ ತೆರನಾದುದು. 1901ರಲ್ಲಿ 1,80,607 ಇದ್ದ ಕೊಡಗಿನ ಜನ 1941ರ ಹೊತ್ತಿಗೆ 1,68,726ಕ್ಕೆ ಇಳಿದಿದ್ದರು. ನಲವತ್ತು ವರ್ಷ ಕಳೆದರೂ ಒಂದು ನಾಡಿನ ಜನ ಹೆಚ್ಚುವುದಿರಲಿ, ಕಡಿಮೆಯಾದುದು ಮಲೆನಾಡಿನ ಚಳಿಜ್ವರದ ಉಪಟಳಕ್ಕೂ, 1918ರ ಇನ್‌ಫ್ಲುಯೆಂಜಾ ಮಾರಿಗೂ ಸಾಕ್ಷಿಯಾಗಿದೆ. ಸ್ವಾತಂತ್ರ್ಯಾನಂತರ ಜ್ವರವು ಹಿಡಿತಕ್ಕೆ ಬಂದಿತು; ಕಾಫಿಯ ಬೆಳೆಯು ಹಬ್ಬಿತು; ಹೊರಗಿನಿಂದ ದುಡಿಯುವ ಜನ ಬಂದು ನೆಲೆಸಿದರು. 1951ರಲ್ಲಿ 2,29,405, 1961ರಲ್ಲಿ 3,22,829. ಆದರೆ ಆ ಏರಿಕೆಯೂ ನಿಂತುಹೋಯಿತು. 2001ರಲ್ಲಿ 5,48,561 ಇದ್ದ ಜನಸಂಖ್ಯೆಯು ಹತ್ತು ವರ್ಷಗಳಲ್ಲಿ ಆರು ಸಾವಿರದಷ್ಟೂ ಹೆಚ್ಚಲಿಲ್ಲ. ನೂರಕ್ಕೆ ಒಂದಕ್ಕಿಂತ ತುಸು ಮೇಲೆ, ಅಷ್ಟೆ. ಅದೇ ಅವಧಿಯಲ್ಲಿ ರಾಜ್ಯದ ಜನ ನೂರಕ್ಕೆ 15ಕ್ಕೂ ಮೇಲ್ಪಟ್ಟು ಹೆಚ್ಚಿದರು. ಬೆಂಗಳೂರು ನಗರ ಜಿಲ್ಲೆಯಲ್ಲಂತೂ ನೂರಕ್ಕೆ 47ರಷ್ಟು ಹೆಚ್ಚಿದರು. ನೆರೆಯ ಮಲೆನಾಡು ಜಿಲ್ಲೆಯಾದ ಚಿಕ್ಕಮಗಳೂರಿನಲ್ಲಿ ಜನಸಂಖ್ಯೆಯು 11,40,905ರಿಂದ 11,37,961ಕ್ಕೆ ಇಳಿದೇ ಹೋಯಿತು. ಆದುದರಿಂದ ಇದು ಕೊಡಗೊಂದರ ಪ್ರಶ್ನೆಯಲ್ಲ. ಕೊಡಗು ಇಡೀ ಮಲೆನಾಡಿನ ಪ್ರಶ್ನೆಯನ್ನು ಎಲ್ಲರಿಗಿಂತ ಮುಂಚಿತವಾಗಿ ಎದುರಿಸುತ್ತಿದೆ, ಅಷ್ಟೆ.

ಜನ ಹೆಚ್ಚದಿರುವುದು ಅಪರಾಧವೇ? ಇಲ್ಲಿಯ ಜನ ಓದು ಬರಹ ಕಲಿತರು; 2011ರಲ್ಲಿ ಸಾಕ್ಷರತೆಯು ನೂರಕ್ಕೆ 82ನ್ನು ದಾಟಿತ್ತು. ಹೆಣ್ಣು ಮಕ್ಕಳನ್ನು ಉಳಿಸಿ ಬೆಳೆಸಿದರು. ಸಾವಿರ ಗಂಡಸರಿಗೆ 1,019 ಹೆಂಗಸರು ಇದ್ದರು, ರಾಜ್ಯದ ಲೆಕ್ಕ 973 ಆಗಿದ್ದಾಗ. ಸಂಸಾರಗಳನ್ನು ಚಿಕ್ಕವಾಗಿ ಇಟ್ಟುಕೊಂಡರು. ಮಕ್ಕಳನ್ನು ಸೇನೆಗೆ ಕಳುಹಿಸಿದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ರಾಷ್ಟ್ರಕ್ಕೆ ಕೊಟ್ಟ ನೆಲವಿದು. ಕಾವೇರಿಯ ಉಗಮವನ್ನೂ, ಮಳೆಯನ್ನು ಹಿಡಿದಿಡುವ ಶೋಲೆ ಕಾಡುಗಳನ್ನೂ ಇಷ್ಟೋ ಅಷ್ಟೋ ಉಳಿಸಿಕೊಂಡು ಬಂದರು. ದೇಶದ ಕಾಫಿಯಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಈ ಒಂದೇ ಜಿಲ್ಲೆ ಬೆಳೆಯುತ್ತದೆ. ದೆಹಲಿಯ ಮುಂದೆ ಕರ್ನಾಟಕವು ತನ್ನ ಪರವಾಗಿ ಹೇಳಿಕೊಳ್ಳುವ ಗುಣಗಳೆಲ್ಲವೂ ಇವೇ ಅಲ್ಲವೇ?

ಈಗ ಪ್ರಾತಿನಿಧ್ಯದ ಮಾತಿಗೆ ಬರೋಣ. 1834ರಲ್ಲಿ ಇಂಗ್ಲಿಷರ ವಶವಾದ ಕೊಡಗು, ಸಣ್ಣದಾದರೂ ಬೇರೆಯೇ ಆದ ಒಂದು ಪ್ರಾಂತವಾಗಿ ನಡೆದು ಬಂದಿತು. 1924ರಲ್ಲಿ ಅದಕ್ಕೆ ಒಂದು ಶಾಸನಸಭೆ ದೊರೆಯಿತು. 1950ರಲ್ಲಿ ‘ಸಿ’ ವರ್ಗದ ರಾಜ್ಯವಾಯಿತು. 1952ರ ಚುನಾವಣೆಯಲ್ಲಿ ಕೊಡಗಿನ ವಿಧಾನಸಭೆಗೆ 24 ಸದಸ್ಯರು ಆರಿಸಿ ಬಂದರು, ಶ್ರೀ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು, ಲೋಕಸಭೆಯಲ್ಲಿ ಕೊಡಗಿಗೆ ತನ್ನದೇ ಒಂದು ಸ್ಥಾನವಿತ್ತು. ಅಂದು ಒಂಬತ್ತೂವರೆ ಸಾವಿರ ಜನರಿಗೆ ಒಬ್ಬ ಶಾಸಕ. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಸೇರಿಕೊಂಡಿತು. ಅಷ್ಟು ಸಣ್ಣ ಪ್ರದೇಶಕ್ಕೆ 24 ಮಂದಿಯ ಸಭೆ ದುಬಾರಿಯೇ ಆಗಿತ್ತು. ಅದು ಹೋದುದಕ್ಕೆ ನಾವು ಮರುಗುವವರಲ್ಲ. ಏಕೀಕರಣವು ಕನ್ನಡಿಗರ ತಪಸ್ಸಿನ ಫಲ. ಅದರ ವಿರುದ್ಧ ಒಂದು ಅಕ್ಷರವನ್ನೂ ನಾವು ಬರೆಯಲಾರೆವು. ಆದರೆ ಏಕೀಕರಣದ ಅರ್ಥ, ಸಣ್ಣದು ದೊಡ್ಡದರಲ್ಲಿ ಕರಗಿ ಕಾಣೆಯಾಗಬೇಕೆಂದಲ್ಲ. ಬಹುಕಾಲ ಕೊಡಗಿಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಗಳೆಂಬ ಮೂರು ವಿಧಾನಸಭಾ ಕ್ಷೇತ್ರಗಳು ಇದ್ದವು. 2008ರ ಮರುವಿಂಗಡಣೆಯಲ್ಲಿ ಮೂರು ಹೋಗಿ ಎರಡಾದವು. ಲೋಕಸಭೆಗೆ, ಹಿಂದೆ ಮಂಗಳೂರಿನ ಬಾಲವಾಗಿದ್ದ ಕೊಡಗು ಈಗ ಮೈಸೂರಿನ ಬಾಲವಾಯಿತು. ಅದೇ ಮರುವಿಂಗಡಣೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ವಿಧಾನಸಭಾ ಸ್ಥಾನಗಳು 28ಕ್ಕೆ ಏರಿದವು.

ಲೆಕ್ಕದಲ್ಲಿ ತಪ್ಪೇನಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾಗಿ ಹೇಳಬೇಕಾದರೆ ಬರಿಯ ಲೆಕ್ಕದಲ್ಲಿ ದೊಡ್ಡ ತಪ್ಪಿಲ್ಲ. 2001ರ ರಾಜ್ಯದ ಜನಸಂಖ್ಯೆಯನ್ನು 224 ಸ್ಥಾನಗಳಿಂದ ಭಾಗಿಸಿದರೆ ಒಂದು ಸ್ಥಾನಕ್ಕೆ ಸುಮಾರು 2,36,000 ಜನ ಬರುತ್ತಾರೆ. ಕೊಡಗಿನ ಪಾಲು ಎರಡಕ್ಕಿಂತ ಹೆಚ್ಚು, ಮೂರಕ್ಕಿಂತ ಕಡಿಮೆ. ಮಿಕ್ಕ ಭಿನ್ನಾಂಶವನ್ನು ಕೈಬಿಟ್ಟರು. ಕೊಡಗಿನ ಒಂದೊಂದು ಕ್ಷೇತ್ರಕ್ಕೆ 2,74,000 ಜನರಾದರು. ಆದರೆ ಅದೇ ಲೆಕ್ಕವನ್ನು ನೆಲದ ಮೇಲೆ ಇಳಿಸಿ ನೋಡಿರಿ. ಕೊಡಗಿನ ಒಬ್ಬ ಶಾಸಕನ ಪಾಲಿಗೆ ಸರಾಸರಿ 2,051 ಚದರ ಕಿಲೋಮೀಟರು. ಬೆಂಗಳೂರು ನಗರ ಜಿಲ್ಲೆಯ ಇಡೀ ವಿಸ್ತೀರ್ಣವೇ ಸುಮಾರು 2,200. ಅದರಲ್ಲಿ 28 ಶಾಸಕರು. ಒಬ್ಬೊಬ್ಬನಿಗೆ 80 ಚದರ ಕಿಲೋಮೀಟರೂ ಇಲ್ಲ. ಅಲ್ಲಿ 28 ಮಂದಿ ತಿರುಗುವಷ್ಟು ನೆಲವನ್ನು ಇಲ್ಲಿ ಒಬ್ಬನು, ಅದೂ ಘಟ್ಟದ ದಾರಿಗಳಲ್ಲಿ, ಆಷಾಢದ ಮಳೆಯಲ್ಲಿ, ತಿರುಗಬೇಕು. ತಿರುಗಲಾರನೆಂಬುದು ಅವನ ದೋಷವಲ್ಲ. ಆದರೆ ಶಾಸಕನು ತಲುಪದ ಹಾಡಿಗೆ ಅಧಿಕಾರಿಯೂ ತಲುಪುವುದಿಲ್ಲವೆಂಬುದು ನಮ್ಮ ದೇಶದ ಆಡಳಿತದ ಅನುಭವಸಿದ್ಧವಾದ ನಿಯಮ.

ಕಾಡಿನಲ್ಲಿ ಮತದಾರರಿಲ್ಲ, ಮರಗಳಿಗೆ ಪ್ರತಿನಿಧಿ ಬೇಕಿಲ್ಲ ಎಂಬ ಚಾಟುವಾಕ್ಯವನ್ನೂ ಕೇಳಿದ್ದೇವೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳೂ ನಾಗರಹೊಳೆಯ ಒಂದು ಭಾಗವೂ ಈ ಜಿಲ್ಲೆಯಲ್ಲಿವೆಯೆಂಬುದು ನಿಜ. ಆದರೆ ಆ ಕಾಡು ಊರುಗಳ ನಡುವೆ ಇದೆ. ದಾರಿ ಅದನ್ನು ಸುತ್ತಿ ಹೋಗಬೇಕು. ಅದರ ಅಂಚಿನಲ್ಲಿ ಜನರಿದ್ದಾರೆ. ಆನೆಗಳು ಗದ್ದೆಗೂ ತೋಟಕ್ಕೂ ಇಳಿಯುವುದು ಅದರೊಳಗಿಂದಲೇ. ಕಾಡಿರುವ ನಾಡಿನ ಆಡಳಿತಕ್ಕೆ ಕೆಲಸ ಹೆಚ್ಚೇ ಹೊರತು ಕಡಿಮೆಯಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಸಂವಿಧಾನದ 170ನೆಯ ಅನುಚ್ಛೇದವು ಜನಸಂಖ್ಯೆಗೂ ಸ್ಥಾನಗಳಿಗೂ ಇರುವ ಪ್ರಮಾಣವು ಸಾಧ್ಯವಾದಷ್ಟು ಮಟ್ಟಿಗೆ ಒಂದೇ ಆಗಿರಬೇಕೆನ್ನುತ್ತದೆ. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತು ಅಲ್ಲಿ ವ್ಯರ್ಥವಾಗಿ ಬಿದ್ದಿಲ್ಲ. 2002ರ ಮರುವಿಂಗಡಣಾ ಶಾಸನವು ಕ್ಷೇತ್ರಗಳನ್ನು ಕೊರೆಯುವಾಗ ನೆಲದ ಸ್ವರೂಪ, ಆಡಳಿತದ ಗಡಿಗಳು, ಸಂಚಾರ ಸೌಕರ್ಯ, ಜನರ ಅನುಕೂಲ ಇವನ್ನು ಗಮನಿಸಬೇಕೆಂದು ಸ್ಪಷ್ಟವಾಗಿ ವಿಧಿಸಿತು. 2011ರ ಗಣತಿಯಂತೆ 64,473 ಜನರಿದ್ದ ಲಕ್ಷದ್ವೀಪಕ್ಕೆ ಲೋಕಸಭೆಯಲ್ಲಿ ಒಂದು ಸ್ಥಾನವಿದೆ. ಅದನ್ನು ಯಾರೂ ಅನ್ಯಾಯವೆನ್ನುವುದಿಲ್ಲ. ಸಮುದ್ರದ ನಡುವಿನ ಜನರಿಗೆ ಧ್ವನಿ ಬೇಕೆಂದು ರಾಷ್ಟ್ರವು ಬಗೆದಿದೆ. ಘಟ್ಟದ ನಡುವಿನ ಜನರ ವಿಷಯದಲ್ಲಿ ಅದೇ ವಿವೇಕವನ್ನು ತೋರಿಸಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಇಷ್ಟಾಗಿಯೂ ಕನ್ನಡ ನಾಡಿನ ಶಾಸನಕಾರರು ಈ ತತ್ತ್ವವನ್ನು ಅರಿಯದವರಲ್ಲ. 1993ರ ಪಂಚಾಯತ್ ರಾಜ್ ಶಾಸನವನ್ನು ತೆರೆದು ನೋಡಿರಿ. ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನರಿಗೆ ಒಂದು ಗ್ರಾಮ ಪಂಚಾಯತಿ ಎಂದಿದ್ದರೆ, ಮಲೆನಾಡಿನ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕೆಂದು ಅದರಲ್ಲಿ ವಿನಾಯಿತಿ ಇಡಲಾಯಿತು. ಜಿಲ್ಲಾ ಪಂಚಾಯತಿಗೆ ಬೇರೆಡೆ 40,000 ಜನರಿಗೆ ಒಬ್ಬ ಸದಸ್ಯನಾದರೆ, ಮೂಲ ಶಾಸನದಲ್ಲಿ ಕೊಡಗಿಗೆ 18,000 ಜನರಿಗೆ ಒಬ್ಬನೆಂದು ವಿಧಿಸಲಾಯಿತು. ಅದನ್ನು ಬರೆದವರು ಕೊಡಗಿನ ನೆಲವನ್ನು ನಡೆದು ನೋಡಿದ್ದರೆಂದೇ ಹೇಳಬೇಕು. ಆದರೆ ವಿಧಿಯನ್ನು ಬರೆದರೆ ಸಾಲದು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನು ನಡೆಸದೆ, ಅವುಗಳನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಿ ಕುಳಿತುದನ್ನು ಇಡೀ ರಾಜ್ಯವು ಕಂಡಿದೆ. ವಿಧಾನಸಭೆಯಲ್ಲಿ ಎರಡೇ ಧ್ವನಿಗಳಿರುವ ಜಿಲ್ಲೆಗೆ ಈ ನಷ್ಟವು ಬೇರೆಯವರಿಗಿಂತ ಇಮ್ಮಡಿಯಾದುದು. ದೊಡ್ಡ ಜಿಲ್ಲೆಯ ರೈತನು ಜಿಲ್ಲಾ ಪಂಚಾಯತಿ ಇಲ್ಲದಿದ್ದರೆ ಹತ್ತು ಶಾಸಕರಲ್ಲಿ ಒಬ್ಬನನ್ನು ಹಿಡಿಯಬಹುದು. ಕುಟ್ಟದ ರೈತನು ಯಾರನ್ನು ಹಿಡಿಯಬೇಕು?

ಸರಕಾರದ ಯೋಜನೆಗಳ ಅಳತೆಗೋಲಿನಲ್ಲಿಯೂ ಇದೇ ವ್ಯತ್ಯಾಸ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲಿನ ಜನವಸತಿಗೆ 500 ಜನ, ಬೆಟ್ಟದ ರಾಜ್ಯಗಳಲ್ಲಿಯೂ ಮರುಭೂಮಿಯಲ್ಲಿಯೂ ಐದನೆಯ ಅನುಸೂಚಿಯ ಆದಿವಾಸಿ ಪ್ರದೇಶಗಳಲ್ಲಿಯೂ 250 ಜನ ಎಂಬ ಅಳತೆಯನ್ನು ಇಡಲಾಯಿತು. ಕರ್ನಾಟಕವು ‘ಬೆಟ್ಟದ ರಾಜ್ಯ’ವಲ್ಲ, ಐದನೆಯ ಅನುಸೂಚಿಯ ಪ್ರದೇಶ ನಮ್ಮಲ್ಲಿಲ್ಲ. ಆದುದರಿಂದ ಪಶ್ಚಿಮಘಟ್ಟದ ನೆತ್ತಿಯ ಮೇಲೆ ಕುಳಿತ ಊರು, ಈ ಕಾಗದದ ದೃಷ್ಟಿಯಲ್ಲಿ, ಬಯಲಿನ ಊರು! ಬೆಟ್ಟವು ಜಿಲ್ಲೆಯಲ್ಲಿದ್ದರೆ ಸಾಲದು, ಇಡೀ ರಾಜ್ಯವೇ ಬೆಟ್ಟವಾಗಿರಬೇಕೆಂಬ ಈ ತರ್ಕವನ್ನು ಏನೆನ್ನಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರಗಳ ವಿಷಯದಲ್ಲಿ ಕೇಂದ್ರದ ಅಳತೆಯು ಇದಕ್ಕಿಂತ ಮೇಲು: ಬಯಲಿನಲ್ಲಿ 30,000, ಬೆಟ್ಟದ ಹಾಗೂ ಆದಿವಾಸಿ ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಕೇಂದ್ರ. ಆದರೂ ಲೆಕ್ಕ ಹಾಕಿ ನೋಡಿರಿ. ರಾಜ್ಯದ ಸರಾಸರಿ ಒತ್ತಿನಲ್ಲಿ 30,000 ಜನ 94 ಚದರ ಕಿಲೋಮೀಟರಿನೊಳಗೆ ಇರುತ್ತಾರೆ. ಕೊಡಗಿನ ಒತ್ತಿನಲ್ಲಿ 20,000 ಜನ 148 ಚದರ ಕಿಲೋಮೀಟರಿಗೆ ಹರಡಿಕೊಂಡಿರುತ್ತಾರೆ. ವಿನಾಯಿತಿಯನ್ನು ಕೊಟ್ಟ ಮೇಲೆಯೂ ಕೊಡಗಿನ ರೋಗಿಯೇ ಹೆಚ್ಚು ದೂರ ನಡೆಯುವವನು. ತಾನು ನಡೆಯಲಾರದಾಗ ಹೊತ್ತು ತರುವವರು ಬೇಕು.

ಇದು ಪ್ರಾಣದ ಪ್ರಶ್ನೆಯೆಂಬುದನ್ನು ಮರೆಯಬಾರದು. ಈ ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ಕಠಿಣ ರೋಗವಾದರೆ ಮೈಸೂರಿಗೋ ಮಂಗಳೂರಿಗೋ ಘಟ್ಟ ಇಳಿದು ಹೋಗಬೇಕು. 2016ರಲ್ಲಿ ಮಡಿಕೇರಿಯಲ್ಲಿ ವೈದ್ಯಕೀಯ ವಿದ್ಯಾಲಯವು ಆರಂಭವಾದುದು ಸಂತೋಷದ ವಿಷಯ. ಆದರೂ 2019ರಲ್ಲಿ ಜಿಲ್ಲೆಯ ತರುಣರು ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆಯೊಂದು ಬೇಕೆಂದು ದೇಶವೆಲ್ಲ ಕೇಳುವಂತೆ ಕೂಗಬೇಕಾಯಿತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆಗಳಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ಕೊಚ್ಚಿಹೋದವು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಜಾರಿತು. ಜನ ಮಣ್ಣಿನಡಿಯಲ್ಲಿ ಹೂತುಹೋದರು. ಚದುರಿದ ಮನೆಗಳ ನಾಡಿನಲ್ಲಿ ಎಚ್ಚರಿಕೆಯ ಮಾತು ಸಕಾಲಕ್ಕೆ ಮುಟ್ಟಬೇಕಾದರೆ ಊರಿಗೆ ಹತ್ತಿರವಾದ ಅಧಿಕಾರಿ ಬೇಕು, ಅವನ ಕೈಯಲ್ಲಿ ವಾಹನ ಬೇಕು, ಯಾವ ಮನೆಯಲ್ಲಿ ಮುದುಕರಿದ್ದಾರೆ, ಯಾವ ಲೈನಿನಲ್ಲಿ ಬಾಣಂತಿಯಿದ್ದಾಳೆ ಎಂಬ ತಿಳಿವಳಿಕೆ ಬೇಕು. ಜನಸಂಖ್ಯೆಯ ಮೇಲೆ ಹುದ್ದೆಗಳನ್ನು ಹಂಚುವ ಪದ್ಧತಿಯು ಇದನ್ನು ಕೊಡಲಾರದು.

ನಮ್ಮ ಹಳೆಯ ಕಾಲದವರು ಇದನ್ನು ಕಂಡಿದ್ದರು. ಕೊಡಗಿನಲ್ಲಿ ಊರಿಗೊಬ್ಬ ತಕ್ಕ, ನಾಡಿಗೊಬ್ಬ ತಕ್ಕರಿರುತ್ತಿದ್ದರು. ಬ್ರಿಟಿಷರು ಬಂದ ಮೇಲೆಯೂ ನಾಡಿಗೊಬ್ಬ ಪಾರುಪತ್ಯಗಾರ, ತಾಲ್ಲೂಕಿಗೊಬ್ಬ ಸುಬೇದಾರ ಎಂಬ ಏರ್ಪಾಡನ್ನು ಉಳಿಸಿಕೊಂಡರು. ಎರಡು ಲಕ್ಷವೂ ತುಂಬದ ಜನಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಆರು ತಾಲ್ಲೂಕುಗಳಿದ್ದವು. ಪರದೇಶದ ಅರಸರು ಪ್ರಜೆಗಳ ಮೇಲಿನ ಮಮತೆಯಿಂದ ಹೀಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಕಂದಾಯವನ್ನು ಎತ್ತುವುದಕ್ಕಾಗಿ ಮಾಡಿದರು. ಆದರೆ ಕಂದಾಯ ಎತ್ತುವುದಕ್ಕೆ ಹತ್ತಿರವಿರಬೇಕಾದ ಕಚೇರಿಯು ಕಷ್ಟ ಕೇಳುವುದಕ್ಕೆ ದೂರವಿದ್ದರೆ ಆಗುವುದೇ? ಸ್ವರಾಜ್ಯದಲ್ಲಿ ತಾಲ್ಲೂಕುಗಳು ಮೂರಾಗಿ, ಬಹುಕಾಲದ ಒತ್ತಾಯದ ಮೇಲೆ ಈಚೆಗೆ ಪೊನ್ನಂಪೇಟೆ, ಕುಶಾಲನಗರಗಳು ಸೇರಿ ಐದಾಗಿವೆ. ಇದು ಸರಿಯಾದ ಹೆಜ್ಜೆ. ಆದರೆ ತಾಲ್ಲೂಕೆಂದರೆ ನಾಮಫಲಕವಲ್ಲ. ಎಲ್ಲ ಇಲಾಖೆಗಳ ಕಚೇರಿಗಳೂ ಸಿಬ್ಬಂದಿಯೂ ಕೂಡಿದಾಗ ಮಾತ್ರ ತಾಲ್ಲೂಕು. ಜಮ್ಮಾ, ಬಾಣೆ ಮೊದಲಾದ ಈ ನೆಲದ ವಿಶಿಷ್ಟ ಹಿಡುವಳಿಗಳಲ್ಲಿ ಪಟ್ಟೆದಾರನ ಹೆಸರೊಂದು, ಕುಟುಂಬದ ಪಾಲುದಾರರು ಹಲವರು. ಒಂದು ದಾಖಲೆ ತಿದ್ದಿಸುವುದಕ್ಕೆ ಇಲ್ಲಿಯ ರೈತನು ಬೇರೆಡೆಯ ರೈತನಿಗಿಂತ ಹೆಚ್ಚು ಸಲ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಇಂಥಲ್ಲಿ ಲೆಕ್ಕಿಗರ ಹುದ್ದೆಗಳನ್ನು ಖಾಲಿ ಬಿಡುವುದು ಮಿತವ್ಯಯವಲ್ಲ. ಪ್ರಜೆಯ ದಿನಗೂಲಿಯನ್ನು ಕಸಿದು ಸರಕಾರದ ಸಂಬಳವನ್ನು ಉಳಿಸುವ ಲೆಕ್ಕ.

ಈ ಜಿಲ್ಲೆಯೊಳಗೆಯೇ ಎಣಿಕೆಯಿಂದ ಜಾರಿಹೋಗುವ ಜನರಿದ್ದಾರೆ. ಪರಿಶಿಷ್ಟ ಪಂಗಡದವರು ಇಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಅವರಲ್ಲಿ ಬಹುಮಂದಿಗೆ ಸ್ವಂತ ನೆಲವಿಲ್ಲ. ತೋಟದ ಲೈನ್ ಮನೆಯೇ ಮನೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲುಗಳನ್ನು ಕೆಡವಿ ನೂರಾರು ಕುಟುಂಬಗಳನ್ನು ಎಬ್ಬಿಸಿದಾಗ ನಾಡು ಬೆಚ್ಚಿಬಿದ್ದಿತು. ಬಳಿಕ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ನೆಲೆ ಕಲ್ಪಿಸಲಾಯಿತು. ಅವರು ಆ ಹಿಂದೆಯೂ ಇದೇ ಜಿಲ್ಲೆಯಲ್ಲಿದ್ದರು. ಯಾವ ಪಟ್ಟಿಯ ಕಣ್ಣಿಗೂ ಬೀಳದೆ ಇದ್ದರು. ಫೆಬ್ರವರಿ ತಿಂಗಳ ಗಣತಿಯು ರೊಬಸ್ಟಾ ಕಾಫಿಯ ಕೊಯ್ಲಿನ ಕಾಲಕ್ಕೆ ಬರುತ್ತದೆ. ಆಗ ಅಸ್ಸಾಂ, ಬಂಗಾಳಗಳಿಂದ ಬಂದ ಕೂಲಿಗಳೂ ತೋಟಗಳಲ್ಲಿರುತ್ತಾರೆ. ಹಾಡಿಯ ಎರವನೂ ಲೈನಿನ ಕೂಲಿಯೂ ಇಬ್ಬರೂ ಎಣಿಕೆಗೆ ಬರಬೇಕು. ಹೊರಗಿನವರೆಂದು ಜರೆದು ಅವರನ್ನು ಮರೆಮಾಡುವ ತೋಟಗಾರನು ತನ್ನ ಜಿಲ್ಲೆಗೇ ದ್ರೋಹ ಮಾಡಿದಂತಾಗುತ್ತದೆ. ಏಕೆಂದರೆ ಅವರ ಮಕ್ಕಳಿಗೆ ಬೇಕಾದ ಅಂಗನವಾಡಿಯೂ, ಅವರ ಜ್ವರಕ್ಕೆ ಬೇಕಾದ ಔಷಧವೂ ಇದೇ ಜಿಲ್ಲೆಯ ಪಾಲಿನಿಂದಲೇ ಹೋಗಬೇಕು. ತನ್ನ ಬಾಗಿಲಿನ ಬಡವನನ್ನು ಎಣಿಸದವನು ತನ್ನನ್ನು ಎಣಿಸಿರೆಂದು ಬೆಂಗಳೂರಿಗೆ ಹೇಗೆ ಹೇಳಿಯಾನು?

ಹಣದ ಮಾತು ಒಂದು ಉಳಿದಿದೆ. ಕೇಂದ್ರವು ರಾಜ್ಯಗಳಿಗೆ ತೆರಿಗೆಯ ಪಾಲನ್ನು ಹಂಚುವಾಗ ಬರಿಯ ತಲೆಗಳನ್ನು ಎಣಿಸುವುದಿಲ್ಲ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಹಂಚಿಕೆಯಲ್ಲಿ ಜನಸಂಖ್ಯೆಗೆ ನೂರಕ್ಕೆ 15, ವಿಸ್ತೀರ್ಣಕ್ಕೆ 15, ಅರಣ್ಯ ಮತ್ತು ಪರಿಸರಕ್ಕೆ 10, ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟುದಕ್ಕೆ 12.5 ಎಂಬ ತೂಕವನ್ನಿಟ್ಟಿತು. ರಾಜ್ಯಗಳ ನಡುವೆ ಇದು ನ್ಯಾಯವೆಂದಾದರೆ ಜಿಲ್ಲೆಗಳ ನಡುವೆ ಏಕೆ ನ್ಯಾಯವಲ್ಲ? ಅರಣ್ಯವನ್ನೂ ನದಿಯನ್ನೂ ಕಾಯುವುದಕ್ಕಾಗಿ ರಾಜ್ಯವು ದೆಹಲಿಯಿಂದ ಪಡೆಯುವ ಪಾಲಿನಲ್ಲಿ, ಆ ಅರಣ್ಯವು ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಗೆ ಎಷ್ಟು ಮುಟ್ಟುತ್ತದೆ? ಇದಕ್ಕೆ ವಿರುದ್ಧವಾದ ಮನೋವೃತ್ತಿಯೇ ಆಗಾಗ ಕಾಣಿಸುತ್ತದೆ. 2023ರಲ್ಲಿ ಚಿಕ್ಕಅಳುವಾರದಲ್ಲಿ ನೆಲೆಗೊಂಡ ಕೊಡಗು ವಿಶ್ವವಿದ್ಯಾಲಯವನ್ನು ಎರಡು ವರ್ಷವೂ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಬೇರೆ ಕೆಲವು ಹೊಸ ವಿಶ್ವವಿದ್ಯಾಲಯಗಳ ಜೊತೆಗೆ ಮುಚ್ಚುವ ಮಾತು ಸರಕಾರದ ಉಪಸಮಿತಿಯಿಂದ ಹೊರಟಿತು. ಸಣ್ಣದನ್ನು ದೊಡ್ಡದರೊಡನೆ ಸೇರಿಸಿಬಿಡುವುದೇ ಎಲ್ಲ ರೋಗಕ್ಕೂ ಮದ್ದೆಂದು ತಿಳಿದ ಆಡಳಿತವು ನಾಳೆ ಸಣ್ಣ ಶಾಲೆಗೂ ಸಣ್ಣ ಆಸ್ಪತ್ರೆಗೂ ಅದೇ ಮದ್ದನ್ನು ಬರೆಯಲಾರದೇ?

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯು ನಮ್ಮ ನಾಡಿನಲ್ಲಿಯೇ ಹುಟ್ಟಿದುದು. ದೆಹಲಿಯಲ್ಲಿ ನೆಲ, ಕಾಡು, ಸಂಯಮಗಳ ಪುರಾಣವನ್ನು ಹೇಳಿ, ಮಡಿಕೇರಿಯ ಮುಂದೆ ಬರಿಯ ತಲೆಯೆಣಿಕೆಯ ಪಟ್ಟಿಯನ್ನು ಹಿಡಿಯುವ ರಾಜ್ಯದ ಮಾತಿಗೆ ದೆಹಲಿಯಲ್ಲಿಯೂ ಬೆಲೆ ಇರಲಾರದು.

ಆದುದರಿಂದ ನಮ್ಮ ಸಲಹೆಗಳು ಇವು. ಮುಂದಣ ಮರುವಿಂಗಡಣೆಯು ಯಾವಾಗಲೇ ನಡೆಯಲಿ, ಕೊಡಗಿಗೆ ಮೂರನೆಯ ಸ್ಥಾನವನ್ನು ಮರಳಿ ಕೊಡುವುದಕ್ಕೆ ಸಂವಿಧಾನದ ಮಿತಿಯೊಳಗೆ ಸಾಧ್ಯವಿರುವುದನ್ನೆಲ್ಲ ಮಾಡಬೇಕೆಂದು ರಾಜ್ಯ ಸರಕಾರವೇ ಆಯೋಗದ ಮುಂದೆ ವಾದಿಸಬೇಕು. ಉಳಿದ ಮಲೆನಾಡು ಜಿಲ್ಲೆಗಳ ಸ್ಥಾನಗಳು ತಗ್ಗದಂತೆಯೂ ನೋಡಿಕೊಳ್ಳಬೇಕು. ಕೇಂದ್ರದ ಅಳತೆ ಏನೇ ಇರಲಿ, ರಾಜ್ಯದ ಸ್ವಂತ ಯೋಜನೆಗಳಲ್ಲಿ ಕಂದಾಯ ಗ್ರಾಮದ ಬದಲು ಹಾಡಿ, ಲೈನು, ಒಂಟಿ ಮನೆಗಳ ಗುಂಪನ್ನು ಎಣಿಕೆಯ ಘಟಕವಾಗಿ ಹಿಡಿಯಬೇಕು. ಜನರ ಸಂಖ್ಯೆಯ ಜೊತೆಗೆ ದಾರಿಯ ದೂರವನ್ನೂ ಅಳೆಯಬೇಕು. ಜಿಲ್ಲೆಗಳಿಗೆ ಹಣ ಹಂಚುವಾಗ ವಿಸ್ತೀರ್ಣಕ್ಕೂ ಅರಣ್ಯಕ್ಕೂ ಹಣಕಾಸು ಆಯೋಗವು ಇಟ್ಟಂಥ ತೂಕವನ್ನು ಇಡಬೇಕು. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಚುನಾವಣೆಯನ್ನು ಸರಕಾರದ ಮರ್ಜಿಗೆ ಬಿಡದೆ ಅವಧಿಗೆ ಸರಿಯಾಗಿ ನಡೆಸಬೇಕು.

ಕೊಡಗಿನ ಮಹಾಜನರಿಗೂ ಒಂದು ಮಾತು. ಅಸಮಾಧಾನದ ಬಿಸಿಯಲ್ಲಿ ಪ್ರತ್ಯೇಕತೆಯ ಕೂಗು ಅಲ್ಲಿ ಆಗಾಗ ಏಳುತ್ತದೆ. ಅದರ ಹಿಂದಿನ ನೋವನ್ನು ನಾವು ಬಲ್ಲೆವು. ಆದರೆ ಅದು ದಾರಿಯಲ್ಲ. ಕೊಡವ, ಅರೆಭಾಷೆಯ ಗೌಡ, ಎರವ, ಕುರುಬ, ತುಳುವ, ಮಲೆಯಾಳಿ, ಕನ್ನಡಿಗ ಎಲ್ಲರೂ ಬೆರೆತು ಬಾಳುವ ನೆಲವಿದು. ಅಲ್ಲಿ ಯಾರನ್ನೂ ಹೊರಗಿಡದೆ ಒಂದೇ ಬಾಯಿಂದ ಕೇಳಿದ ನ್ಯಾಯಕ್ಕೆ ಬಲ ಹೆಚ್ಚು. ನಾಡಿನೊಳಗೆ ಇದ್ದುಕೊಂಡು ನಾಡಿನಿಂದ ನ್ಯಾಯವನ್ನು ಪಡೆಯುವುದೇ ಏಕೀಕರಣವನ್ನು ಪೂರ್ಣಗೊಳಿಸುವ ಮಾರ್ಗ. ಸರಕಾರವಾದರೂ ಒಂದನ್ನು ನೆನಪಿಡಲಿ: ಪ್ರತ್ಯೇಕತೆಯ ಕೂಗನ್ನು ಭಾಷಣಗಳಿಂದ ಅಡಗಿಸಲಾಗದು, ಮಳೆಗಾಲದ ರಾತ್ರಿಯಲ್ಲಿ ಹಾಡಿಗೆ ತಲುಪುವ ಆಂಬುಲೆನ್ಸ್ ಅದನ್ನು ಅಡಗಿಸೀತು.

ಪ್ರಜಾಪ್ರಭುತ್ವದಲ್ಲಿ ಬಹುಮತದ ಬಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಣ್ಣ ಹಳ್ಳಿಯೂ ರಾಜ್ಯದ ಪೂರ್ಣ ಹಳ್ಳಿಯೇ. ಅಲ್ಲಿರುವ ಪ್ರಜೆಯೂ ಪೂರ್ಣ ಪ್ರಜೆಯೇ. ಈ ತತ್ತ್ವವನ್ನು ಕರ್ನಾಟಕವು ತನ್ನ ಮನೆಯೊಳಗೆ ಮೊದಲು ನಡೆಸಿ ತೋರಿಸಲಿ. ಬಳಿಕ ದೆಹಲಿಯಲ್ಲಿ ಆಡುವ ಮಾತಿಗೆ ಇಮ್ಮಡಿಯ ತೂಕ ತಾನಾಗಿಯೇ ಬರುವುದೆಂದು ನಾವು ದೃಢವಾಗಿ ನಂಬಿದ್ದೇವೆ.